ಬರ್ತೀನಿ ಅನ್ನಬಾರದ ಊರು

ನಮ್ಮಕ್ಕ ತುಂಗಾ ರೈಲಿನ ಕಕ್ಕಸಿಗೆ ಎದ್ದು ಹೋಗುವಾಗಲೂ "ಬಂದೆ ತಾಳೇ" ಅಂತಲೇ ಹೇಳುವವಳು. ಹೋಗುತ್ತೇನೆ ಎಂಬ ಮಾತು ಅವಳ ಬಾಯಿಂದ ಹೊರಟು ಹತ್ತೊಂಬತ್ತು ವರ್ಷವಾಗಿತ್ತು. ನಮ್ಮ ಕಡೆ ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಕ್ಕನದು ಸ್ವಲ್ಪ ಅತಿ. ಭಾವ ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತು ಅಂತ ಮುನಿಸಿಕೊಂಡು, ತಟ್ಟೆ ತಳ್ಳಿ, "ನಾನು ಹೋಗ್ತೀನಿ" ಎಂದು ಒಂದೇ ಮಾತು ಆಡಿ ಹೊರಟವರು ಸಂಜೆ ಹೆಣವಾಗಿ ಬಂದಿದ್ದರು. ಲಾರಿ ಗುದ್ದಿತ್ತು. ಅಕ್ಕ ಲಾರಿಯವನನ್ನು ಶಪಿಸಲಿಲ್ಲ, ಆ ಮಾತನ್ನು ಶಪಿಸಿದಳು. ಅಂದಿನಿಂದ ಪೇಟೆಗಾಗಲಿ, ನಲ್ಲಿಗಾಗಲಿ, ದೇವಸ್ಥಾನಕ್ಕಾಗಲಿ ಅವಳು ಬರುವವಳೇ ಹೊರತು ಹೋಗುವವಳಲ್ಲ.

ನಾನು ಅವಳ ತಂಗಿ, ಭದ್ರಾ. ನಮ್ಮಪ್ಪ ಇಬ್ಬರಿಗೂ ಹೊಳೆಗಳ ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ಅಕ್ಕ ಕುಳ್ಳಿ, ನಾನು ಉದ್ದ, ಅವಳ ನೆತ್ತಿ ನನ್ನ ಭುಜಕ್ಕೆ ಬರುತ್ತದೆ. ಅವಳಿಗೆ ಮದುವೆಯಾಯಿತು, ನನಗೆ ಭಾಷೆ ಬಂತು. ನಮ್ಮೂರ ಉಕ್ಕಿನ ಕಾರ್ಖಾನೆಗೆ, ನಾನೀಗ ಕೂತು ಬರೆಯುತ್ತಿರುವ ಈ ಪರದೇಶದ ಎಂಜಿನಿಯರುಗಳು ಬಂದು ಹನ್ನೆರಡು ವರ್ಷ ಠಿಕಾಣಿ ಹೂಡಿದ್ದಾಗ, ಅವರ ಮಾತನ್ನು ಕನ್ನಡಕ್ಕೂ ನಮ್ಮವರ ಮಾತನ್ನು ಅವರ ಭಾಷೆಗೂ ತಿರುಗಿಸುತ್ತಿದ್ದವಳು ನಾನೇ. ದುಭಾಷಿಗೆ ಒಂದು ಕಟ್ಟುಪಾಡಿದೆ. "ಅವರು ಹೀಗನ್ನುತ್ತಾರೆ" ಎಂದು ಹೇಳಕೂಡದು. ಫೋರ್‌ಮನ್ ಸಿದ್ದಲಿಂಗಪ್ಪ "ನನಗೆ ಹೊಟ್ಟೆನೋವು" ಅಂದರೆ ನಾನೂ ಅವರ ಭಾಷೆಯಲ್ಲಿ "ನನಗೆ ಹೊಟ್ಟೆನೋವು" ಅನ್ನಬೇಕು. ಹನ್ನೆರಡು ವರ್ಷ ಕಂಡವರ ಹೊಟ್ಟೆನೋವನ್ನೆಲ್ಲ ನನ್ನದೇ ಅಂತ ಆಡಿ ಆಡಿ ನಾಲಿಗೆಗೆ ಅದೇ ರೂಢಿಯಾಗಿಹೋಗಿತ್ತು. ಅದರ ಮೇಲೆ ಜಂಬ ಬೇರೆ.

ಅಕ್ಕನ ಮಗಳು ಶರಾವತಿಯ ಗಂಡ ಈ ದೇಶದ ಮೂಡಣ ತುದಿಯ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ. ಶರಾವತಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಅಕ್ಕ ಬರಲೇಬೇಕು, ಆದರೆ ಕಿವಿಯ ಆಪರೇಷನ್ ಆದ ಮೇಲೆ ವಿಮಾನ ಹತ್ತಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಹಡಗಿನಲ್ಲಿ ಬಂದು ಪಡುವಣ ತೀರದಲ್ಲಿ ಇಳಿದು, ಅಲ್ಲಿಂದ ಎಂಟು ದಿನದ ರೈಲು ಹತ್ತಿದೆವು. ದಾರಿಗೆ ಭಾಷೆ ಬಲ್ಲವಳು ಬೇಕಲ್ಲ, ಅದಕ್ಕೆ ನಾನು. ಒಂದು ಡಬ್ಬಿ ಅಂಟಿನುಂಡೆ, ಒಂದು ಡಬ್ಬಿ ಬಾಣಂತಿ ಖಾರ, ಮಗುವಿಗೆ ಹೊದಿಸಲು ಅಮ್ಮನ ಹಳೆಯ ಸೀರೆಯ ತುಂಡುಗಳು. ಅಕ್ಕ ಆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ, ನಮ್ಮ ಬೋಗಿಯನ್ನು ನೋಡಿಕೊಳ್ಳುವ ಹೆಂಗಸು ಓರ್ಸಾ ಪ್ರತಿ ಬಾಗಿಲಿಗೂ ಬಂದು ಹೇಳಿಹೋದಳು. "ಮುಂದಿನ ಊರಲ್ಲಿ ನಲವತ್ತು ನಿಮಿಷ ನಿಲ್ಲುತ್ತೆ. ಇಳೀರಿ, ತಿನ್ನಿ, ಕೈಕಾಲು ಆಡಿಸಿ. ಮಾತು ಮಾತ್ರ ಕೊಡಬೇಡಿ." ನಮ್ಮ ಎಂಜಿನಿಯರುಗಳ ಬಾಯಲ್ಲಿ ಮಾತು ಕೊಡುವುದು ಅಂದರೆ ವ್ಯಾಪಾರ ಕುದುರಿಸುವುದು. "ಏನಂತೆ?" ಅಂದಳು ಅಕ್ಕ. "ಚೌಕಾಸಿ ಮಾಡ್ಬೇಡಿ ಅಂತಾಳೆ" ಅಂದೆ.

ವೇಳಾಪಟ್ಟಿಯಲ್ಲಿ ಆ ಊರಿನ ಹೆಸರಿರಲಿಲ್ಲ. ಮೂರು ಗಂಟೆ ಹದಿನೈದು ಎಂಬ ಹೊತ್ತು ಮಾತ್ರ ಇತ್ತು. ಹಳದಿ ಗೋಡೆಯ ಸ್ಟೇಷನ್ನು, ಒಂದು ನೀರಿನ ಟ್ಯಾಂಕು, ಒಂದು ಕಿವಿ ಮಾತ್ರ ಬೆಳ್ಳಗಿದ್ದ ಕರಿ ನಾಯಿ. ತಿಂಡಿ ಮಾರುವ ಹೆಂಗಸರು ಸಾಲಾಗಿ ನಿಂತಿದ್ದರು, ಆದರೆ ಒಬ್ಬರೂ ಬನ್ನಿ ಬನ್ನಿ ಎಂದು ಕೂಗುತ್ತಿರಲಿಲ್ಲ. ಸುಮ್ಮನೆ ತಟ್ಟೆ ಮುಂದೆ ಚಾಚುತ್ತಿದ್ದರು. ಒಬ್ಬ ತಾಯಿ ಮಗಳನ್ನು ಕೂಗಿದಳು. ಆ ಹುಡುಗಿ ಓಗೊಡದೆ, ಬಾಯಿ ಮುಚ್ಚಿಕೊಂಡು ಓಡಿಬಂದಳು. ಗೋಡೆಗೆ ತಾಗಿಸಿ ಉದ್ದಕ್ಕೂ ಮರದ ಕುರ್ಚಿಗಳನ್ನಿಟ್ಟಿದ್ದರು, ಒಂದೊಂದರ ಬೆನ್ನ ಮೇಲೂ ಒಂದೊಂದು ಉಣ್ಣೆಯ ಕೋಟು. ಕಾಯುವ ಪ್ರಯಾಣಿಕರಿಗಿರಬೇಕು ಅಂತ ನಾನು ಒಂದರಲ್ಲಿ ಕೂರಲು ಹೋದೆ. ನಮ್ಮ ಎದುರಿನ ಬರ್ತಿನ ಗ್ರೇಬಿ, ಗಡಿಯಾರ ರಿಪೇರಿಯ ದಪ್ಪ ಮನುಷ್ಯ, ನನ್ನ ರಟ್ಟೆ ಹಿಡಿದು ಎಳೆದುಬಿಟ್ಟ. ಎಳೆದ ರಭಸಕ್ಕೆ ಬಳೆ ಒಡೆಯಿತು. ನಾನು ಅವನಿಗೆ ಕನ್ನಡದಲ್ಲಿ ಚೆನ್ನಾಗಿ ಬೈದೆ.

ಅಕ್ಕ ಅಷ್ಟರಲ್ಲಿ ಒಬ್ಬ ಮುದುಕಿಯ ಹತ್ತಿರ ಬೇಯಿಸಿದ ಆಲೂಗೆಡ್ಡೆ ಕೊಂಡು, ಭಾಷೆಯಿಲ್ಲದೆಯೇ ಸ್ನೇಹ ಬೆಳೆಸಿಬಿಟ್ಟಿದ್ದಳು. ಮುದುಕಿಯ ಹೆಸರು ಯೆಲ್ದಾ. ಚಳಿಗೆ ಅವಳ ಕೈಗಳು ಒಡೆದು ರಕ್ತ ಜಿನುಗುತ್ತಿತ್ತು. ಅಕ್ಕ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು, ಅಂಗೈಯಲ್ಲಿ ಬಿಸಿ ಮಾಡಿ, ಮುದುಕಿಯ ಎರಡೂ ಕೈಗಳಿಗೆ ಹಚ್ಚಿ ತಿಕ್ಕಿದಳು. ಬಾಟಲಿಯನ್ನೂ ಅವಳ ಕೈಗೇ ಕೊಟ್ಟಳು. ರೈಲು ಸಿಳ್ಳೆ ಹಾಕಿತು. ಅಕ್ಕ ಎಲ್ಲಿಗೆ ಹೋದರೂ ಮಾಡುವ ಹಾಗೆ ಕೈ ಮುಗಿದು, "ಬರ್ತೀನಮ್ಮಾ" ಅಂದಳು.

ಯೆಲ್ದಾ ನನ್ನ ಕಡೆ ತಿರುಗಿದಳು. "ಏನಂದರು?"

ನಾನು ನವಿಲಿನ ಹಾಗೆ ಗರಿ ಬಿಚ್ಚಿದೆ. ಕಟ್ಟುಪಾಡಿನ ಪ್ರಕಾರ, ಸ್ಪಷ್ಟವಾಗಿ, ಅವರ ಭಾಷೆಯಲ್ಲಿ ಹೇಳಿದೆ. "ನಾನು ಬರುತ್ತೇನೆ."

ತಟ್ಟೆ ಹಿಡಿದ ಹೆಂಗಸರೆಲ್ಲ ನಮ್ಮನ್ನೇ ನೋಡಿದರು. ಯೆಲ್ದಾ ನನ್ನ ಮುಖಕ್ಕೆ ಮುಖ ತಂದು ಕೇಳಿದಳು, "ಯಾವಾಗ?"

"ಯಾವಾಗ ಅಂತಾಳೆ ಕಣೇ ಅಕ್ಕ" ಅಂತ ನಾನು ನಕ್ಕೆ.

"ಪಾಪ, ಬೇಗ ಬರ್ತೀನಿ ಅನ್ನು. ಅಂದ್ರೆ ಗಂಟೇನು ಹೋಗತ್ತೆ?"

"ಬೇಗ ಬರುತ್ತೇನೆ" ಎಂದು ನಾನು ಅವರ ಭಾಷೆಯಲ್ಲಿ ಹೇಳಿದೆ. ನಾವು ಓಡಿ ರೈಲು ಹತ್ತಿದೆವು.

ಮರುದಿನ ಸೂರ್ಯ ನಮ್ಮ ಎದುರಿಗೇ ಹುಟ್ಟಿದ, ಅಂದರೆ ರೈಲು ಮೂಡಣಕ್ಕೇ ಓಡುತ್ತಿತ್ತು. ಹೊಸ ಬಯಲು, ಹೊಸ ಹೊಳೆ, ಹಿಂದೆ ನೋಡಿರದ ಸೇತುವೆ. ಮಧ್ಯಾಹ್ನ ಮೂರು ಗಂಟೆ ಹದಿನೈದಕ್ಕೆ ರೈಲು ನಿಂತಿತು. ಹಳದಿ ಗೋಡೆ. ನೀರಿನ ಟ್ಯಾಂಕು. ಬಿಳಿ ಕಿವಿಯ ನಾಯಿ.

"ಈ ದೇಶದಲ್ಲಿ ಊರುಗಳೆಲ್ಲ ಒಂದೇ ಅಚ್ಚಲ್ಲಿ ಹೊಯ್ದ ಹಾಗಿವೆ ಅಲ್ವೇನೇ" ಅಂದಳು ಅಕ್ಕ.

ನಾನು ಆ ನಾಯಿಯ ಬಿಳಿ ಕಿವಿಯನ್ನೇ ನೋಡುತ್ತಿದ್ದೆ. ಬೋಗಿಯಲ್ಲಿ ಯಾರೂ ಇಳಿಯಲಿಲ್ಲ. ಓರ್ಸಾ ಮುಖ ಸುಣ್ಣದ ಬಣ್ಣ ಮಾಡಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು. "ಯಾರು ಮಾತು ಕೊಟ್ಟವರು? ಹೇಳಿಬಿಡಿ. ಯಾರೂ ಬೈಯಲ್ಲ." ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕಿಟಕಿಯಿಂದ ನೋಡಿದರೆ ಯೆಲ್ದಾ ಗೋಡೆಯ ಸಾಲಿನಿಂದ ಒಂದು ಕುರ್ಚಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಂದಿಟ್ಟು, ಪಕ್ಕದಲ್ಲಿ ನಿಂತು, ಕೋಟಿನ ತೋಳಿಗೆ ಹೊಲಿಗೆ ಹಾಕುತ್ತಿದ್ದಳು.

ರೈಲು ಹೊರಟ ಮೇಲೆ ನಾನು ಗ್ರೇಬಿಯನ್ನು ಮೆಲ್ಲಗೆ ಕೆದಕಿದೆ. ಅವನು ಟೀ ಸೋಸುತ್ತಾ ಹೇಳಿದ. "ಐದು ವರ್ಷದ ಹಿಂದೆ ಇದೇ ರೈಲಲ್ಲಿದ್ದೆ. ಒಬ್ಬ ಮಾಸ್ತರು ಆ ಊರಿನ ಒಬ್ಬಳಿಗೆ ಬರ್ತೀನಿ ಅಂದುಬಿಟ್ಟಿದ್ದ. ಸುಮ್ಮನೆ, ಬಾಯಿಮಾತಿಗೆ. ಹನ್ನೊಂದು ದಿನ ಇಲ್ಲೇ ಸುತ್ತಿದೆವು. ಬ್ರೆಡ್ಡು ಮುಗೀತು, ಕಲ್ಲಿದ್ದಲು ಮುಗೀತು. ಕೊನೆಗೆ ಅವನೇ ಒಪ್ಪಿಕೊಂಡು ಇಳಿದ."

"ಆಮೇಲೆ?"

"ಆಮೇಲೆ ರೈಲು ಹೋಯ್ತು."

"ಮಾಸ್ತರು?"

ಗ್ರೇಬಿ ನನ್ನ ಕಡೆ ನೋಡಲಿಲ್ಲ. "ನೀವು ಕೂರೋಕೆ ಹೋದಿರಲ್ಲ, ಅದು ಅವನ ಕುರ್ಚಿ. ಈಗ ಅಲ್ಲೇ ಮೂಲಂಗಿ ಬೆಳೀತಾನೆ."

ಆ ರಾತ್ರಿಯೆಲ್ಲ ನಾನು ಮೇಲಿನ ಬರ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಹೇಳಿದರೆ ಅಕ್ಕನನ್ನು ಇಳಿಸುತ್ತಾರೆ, ಹೇಳದಿದ್ದರೆ ರೈಲು ಸುತ್ತುತ್ತಲೇ ಇರುತ್ತದೆ. ಕೆಳಗೆ ಅಕ್ಕ ಅಂಟಿನುಂಡೆಯ ಚೀಲ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದಳು. ನನಗೆ ಭಯವಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ಭಾಷೆಯ ಬಗ್ಗೆ ಊರೆಲ್ಲ ಕೊಚ್ಚಿಕೊಂಡವಳು ನಾನು.

ಐದನೆಯ ದಿನ ಮತ್ತೆ ಮೂರು ಗಂಟೆ ಹದಿನೈದು. ಕುರ್ಚಿ ಪ್ಲಾಟ್‌ಫಾರಂನ ನಡುಮಧ್ಯಕ್ಕೆ ಬಂದಿತ್ತು. ಅಕ್ಕ ಈ ಸಲ ಕಿಟಕಿಗೆ ಹಣೆಯೊತ್ತಿ ಬಹಳ ಹೊತ್ತು ನೋಡಿದಳು. ಅವಳೇನು ಪೆದ್ದಿಯಲ್ಲ.

"ಅದೇ ಮುದುಕಿ ಕಣೇ. ನನ್ನ ಎಣ್ಣೆ ಬಾಟ್ಲಿ ಅವಳ ಜೇಬಲ್ಲಿದೆ. ಭದ್ರೀ, ಏನಾಗ್ತಿದೆ? ಶುಕ್ರವಾರಕ್ಕೆ ಆ ಮಗುಗೆ ದಿನ ತುಂಬತ್ತೆ. ಏನು ಮುಚ್ಚಿಡ್ತಿದೀಯ ನೀನು?"

ಭದ್ರೀ ಅಂತ ಅವಳು ಕರೆದು ನಲವತ್ತು ವರ್ಷವಾಗಿತ್ತು. ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ! ಹೊರಡೋದಕ್ಕೆ ಬರ್ತೀನಿ ಅಂದೆ ಕಣೇ ನಾನು! ಅದು ಬರೋದಕ್ಕೆ ಅಂದದ್ದಲ್ಲ ಅಂತ ಹೇಳೋಕಾಗ್ಲಿಲ್ವಾ ನಿಂಗೆ? ಅಷ್ಟು ಓದಿದೋಳು!"

"ಹೊಳೀಲೇ ಇಲ್ಲ ಅಕ್ಕ."

ಓರ್ಸಾಳನ್ನು ಕರೆದು ಒಪ್ಪಿಕೊಂಡೆವು. ಅವಳು ಬೈಯಲಿಲ್ಲ, ನಮ್ಮ ಪಕ್ಕದಲ್ಲಿ ಕುಳಿತುಬಿಟ್ಟಳು. "ದಾರಿ ಇದೆ. ನಾಳೆ ರೈಲು ನಿಂತಾಗ ಮಾತು ಕೊಟ್ಟವರು ಇಳಿದು ಆ ಕುರ್ಚಿಯಲ್ಲಿ ಕೂರಬೇಕು. ಅವಳು ಕೊಟ್ಟದ್ದು ತಿನ್ನಬೇಕು. ಅಲ್ಲಿಗೆ ಬಂದ ಹಾಗಾಯಿತು. ಸಿಳ್ಳೆ ಕೇಳಿದಾಗ ಎದ್ದು ನಿಂತು, ನಾನು ಹೋಗುತ್ತೇನೆ ಎಂದು ಹೇಳಿ ರೈಲು ಹತ್ತಬೇಕು. ಯಾವ ಭಾಷೆಯಲ್ಲಾದರೂ ಸರಿ. ಆದರೆ ನೆನಪಿಡಿ, ಎದ್ದಾಗ ಬಾಯಿಂದ ಮೊದಲು ಬಂದ ಮಾತೇ ಮಾತು. ತಿದ್ದೋಕೆ ಬಿಡಲ್ಲ."

"ಅಷ್ಟೇನಾ!" ಎಂದು ನನಗೆ ಹೋದ ಜೀವ ಬಂದಂತಾಯಿತು. ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ಆ ಮಾತು ನಾನು ಆಡಲ್ಲ."

"ಅಕ್ಕಾ, ಒಂದು ಮಾತು ಕಣೇ. ಬರೀ ಗಾಳಿ."

"ಗಾಳಿನಾ? ನಿಮ್ಮ ಭಾವ ಆಡಿದ್ದೂ ಒಂದೇ ಮಾತು. ಮಗಳು ಅಲ್ಲಿ ಹೆರೋ ಹೊತ್ತಲ್ಲಿ, ನಾನು ಇಲ್ಲಿ ನಿಂತು ಆ ಮಾತು ಆಡಲಾ? ಅದು ಯಾರ ತಲೆ ಮೇಲೆ ಬೀಳತ್ತೆ ಹೇಳು? ನಾನು ಇಲ್ಲೇ ಇದ್ದು ಮೂಲಂಗಿ ಬೆಳೀತೀನಿ ಬಿಡು. ನೀನು ಚೀಲ ತಗೊಂಡು ಬಾಣಂತನ ಮಾಡು ಹೋ... ಬಾಣಂತನ ಮಾಡು." ಆಗಲೂ ನುಂಗಿಕೊಂಡಳು, ಪುಣ್ಯಾತ್ಗಿತ್ತಿ.

ಬಾಣಂತನವೆಂದರೆ ನನಗೆ ಏನು ಗೊತ್ತು? ಮಗುವಿಗೆ ನೀರು ಹಾಕುವುದಿರಲಿ, ಎತ್ತಿಕೊಳ್ಳಲೂ ನನಗೆ ಬರುವುದಿಲ್ಲ. ಶರಾವತಿಗೆ ಬೇಕಾದದ್ದು ಅಕ್ಕ.

ಆರನೆಯ ದಿನ ರೈಲು ನಿಂತಾಗ ಕುರ್ಚಿ ನಮ್ಮ ಬೋಗಿಯ ಬಾಗಿಲಿಗೇ ಬಂದಿತ್ತು. ಮೆಟ್ಟಿಲಿಳಿದರೆ ಕಾಲು ಅದಕ್ಕೇ ತಾಗಬೇಕು. ಯೆಲ್ದಾ ಕೋಟನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಕ್ಕ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು. ನಾನು ಆ ಕೋಟನ್ನು ನೋಡಿದೆ. ಉದ್ದ ಕೋಟು, ಉದ್ದ ತೋಳು. ಅಕ್ಕ ತೊಟ್ಟರೆ ಅದರ ಅಂಚು ನೆಲ ಗುಡಿಸುತ್ತದೆ.

"ಕೂತ್ಕೋ ಅಕ್ಕ" ಅಂದೆ. "ಇದು ನಿನ್ನದಲ್ಲ."

"ಏನಂತೀಯೆ?"

"ನೀನು ಅಂದದ್ದು ಕನ್ನಡದಲ್ಲಿ. ಈ ಊರಿಗೆ ಕನ್ನಡ ಬರುತ್ತಾ? ಅವರ ಭಾಷೆಯಲ್ಲಿ, ನಾನು ಬರುತ್ತೇನೆ ಅಂತ ಅವಳ ಮುಖ ನೋಡಿಕೊಂಡು ಹೇಳಿದವಳು ನಾನು. ಅವಳು ನನ್ನ ಅಳತೆಗೇ ಹೊಲಿದಿದಾಳೆ."

ಹೇಳಿದ ಮೇಲೆ ಒಂದು ಥರ ಹಗುರವಾಯಿತು. ಹೋಗ್ತೀನಿ ಅನ್ನಲು ನನಗೇನು ಅಡ್ಡಿ? ಗಂಡನಿಲ್ಲ, ಶಾಸ್ತ್ರ ನಂಬುವವಳಲ್ಲ. ಅಕ್ಕ ನನ್ನ ಕೈ ಹಿಡಿದಳು. "ಭದ್ರೀ, ಮರೀಬೇಡ ಕಣೇ. ಆ ಮಾತೇ ಆಡು." ನಾನು, "ನಾನು ದುಭಾಷಿ ಕಣೇ, ಮಾತೇ ನನ್ನ ಕಸುಬು" ಅಂದೆ. ಇಳಿದೆ, ಕೂತೆ.

ಯೆಲ್ದಾ ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು. ಅವಳು ನನಗೆ ಕೋಟು ತೊಡಿಸಿ ಕತ್ತಿನವರೆಗೂ ಗುಂಡಿ ಹಾಕಿದಳು. ಅವಳ ಕೈಗಳು ವಾಸಿಯಾಗಿದ್ದವು, ನಮ್ಮ ಮನೆಯ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಬಿಸಿ ಆಲೂಗೆಡ್ಡೆಯನ್ನು ಸುಲಿದು, ಊದಿ, ಆರಿಸಿ ನನ್ನ ಬಾಯಿಗೇ ಇಟ್ಟಳು. ಅಮ್ಮ ಸತ್ತ ಮೇಲೆ ನನಗೆ ಯಾರೂ ತುತ್ತು ಕೊಟ್ಟಿರಲಿಲ್ಲ. ಮನಸ್ಸಿನಲ್ಲಿ ನಾನು ಪಾಠ ಒಪ್ಪಿಸುವವಳ ಹಾಗೆ ಹೇಳಿಕೊಳ್ಳುತ್ತಲೇ ಇದ್ದೆ: ಹೋಗ್ತೀನಿ, ಹೋಗ್ತೀನಿ, ಹೋಗ್ತೀನಿ. ನಾಯಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಗೋಡೆಯ ಹತ್ತಿರ ಮೂಲಂಗಿಯ ಬುಟ್ಟಿ ಹಿಡಿದ ಒಬ್ಬ ಗಂಡಸು ನನ್ನನ್ನೇ ನೋಡುತ್ತಿದ್ದು, ಆಮೇಲೆ ನೋಡಲಾರೆ ಅನ್ನುವ ಹಾಗೆ ಮುಖ ತಿರುಗಿಸಿದ.

ಸಿಳ್ಳೆಯಾಯಿತು. ನಾನು ಎದ್ದೆ. ಒಬ್ಬರು ಕೂರಿಸಿ, ಉಣ್ಣಿಸಿ ಕಳಿಸುವಾಗ ನಮ್ಮ ಕಡೆಯ ಹೆಂಗಸಿನ ಕೈಗಳು ಏನು ಮಾಡುತ್ತವೋ ನನ್ನ ಕೈಗಳೂ ಅದನ್ನೇ ಮಾಡಿದವು. ತಾವಾಗಿಯೇ ಮುಗಿದುಕೊಂಡವು. ಬೆನ್ನು ತಾನಾಗಿ ಬಾಗಿತು. ಬಾಯಿ ತಾನಾಗಿ ತೆರೆಯಿತು.

"ಬರ್ತೀನಮ್ಮಾ" ಅಂದೆ.

ಯೆಲ್ದಾಗೆ ಗೊತ್ತಿದ್ದದ್ದು ಒಂದೇ ಒಂದು ಕನ್ನಡ ಮಾತು. ಅದನ್ನು ಅವಳಿಗೆ ಕಲಿಸಿದವಳು ನಾನೇ. ಅವಳ ಕಣ್ಣಲ್ಲಿ ನೀರು ಬಂತು. "ಬರ್ತೀನಮ್ಮಾ" ಎಂದು ಅವಳೂ ಹೇಳಿ ನನ್ನನ್ನು ಅಪ್ಪಿಕೊಂಡಳು. ಹಿಂದೆ ಬೋಗಿಯ ಬಾಗಿಲಲ್ಲಿ ಅಕ್ಕ ಚೀರಿದ್ದು ಕೇಳಿಸಿತು.

"ಹೋಗ್ತೀನಿ ಅನ್ನೇ! ಭದ್ರೀ, ಹೋಗ್ತೀನಿ ಅನ್ನೇ!"

ಹತ್ತೊಂಬತ್ತು ವರ್ಷ ಆಡದ ಮಾತನ್ನು ಅವಳು ನನಗೋಸ್ಕರ ಊರೆಲ್ಲ ಕೇಳುವ ಹಾಗೆ ಆಡಿದಳು. ನಾನು "ಹೋಗ್ತೀನಿ" ಅಂದೆ, ಹತ್ತು ಸಲ ಅಂದೆ, ಅವರ ಭಾಷೆಯಲ್ಲೂ ಅಂದೆ. ಯಾರೂ ತಿರುಗಿಯೂ ನೋಡಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟರೆ ಓರ್ಸಾ ಅಳುತ್ತಾ ನನ್ನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಗಾಲಿಗಳು ತಿರುಗತೊಡಗಿದವು. ಅಕ್ಕ ಬಾಗಿಲ ಸಲಾಕೆ ಹಿಡಿದು ಅರ್ಧ ಹೊರಗೆ ಬಾಗಿದ್ದಳು. "ಅಳಬೇಡ ಕಣೇ, ಬಾಣಂತನ ಮುಗಿಸ್ಕೊಂಡು ಬರ್‌..."

"ಹೋಗು!" ಎಂದು ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ.

ಹೋಗಿ ಬಾ ಅನ್ನಲಿಲ್ಲ. ನಮ್ಮ ಕಡೆ ಶತ್ರುವಿಗೂ ಹಾಗೆ ಬರೀ ಹೋಗು ಅನ್ನುವುದಿಲ್ಲ. ಅಕ್ಕ ಬಾಯಲ್ಲಿದ್ದ ಮಾತನ್ನು ಅಲ್ಲಿಗೇ ತುಂಡರಿಸಿ ಸೆರಗು ಅಡ್ಡ ಹಿಡಿದಳು. ರೈಲು ಹೋಯಿತು. ಮರುದಿನ ಮೂರು ಗಂಟೆ ಹದಿನೈದಕ್ಕೆ ಅದು ಬರಲಿಲ್ಲ.

ಈಗ ಐದು ತಿಂಗಳಾಯಿತು. ಯೆಲ್ದಾಳ ಮನೆಯಲ್ಲಿದ್ದೇನೆ. ಹೊಟ್ಟೆಗೆ, ಬಟ್ಟೆಗೆ ಕೊರತೆಯಿಲ್ಲ. ಮೂಲಂಗಿ ಮಾಸ್ತರು ವಾರಕ್ಕೊಮ್ಮೆ ಬಂದು ತನ್ನ ಊರಿನ ಹಾಡು ಹೇಳುತ್ತಾನೆ, ನಾನು ನನ್ನ ಊರಿನದು ಹೇಳುತ್ತೇನೆ. ಮೂರು ಸಲ ರೈಲು ಹತ್ತಿ ಕದ್ದು ಕೂತಿದ್ದೆ, ಮೂರು ಸಲವೂ ಅದು ಇಲ್ಲಿಗೇ ಬಂದು ನಿಂತಿತು. ಈಗ ಹತ್ತುವುದಿಲ್ಲ. ಇನ್ನೊಬ್ಬರ ದಾರಿ ಯಾಕೆ ಕೆಡಿಸಲಿ? ಓರ್ಸಾಳ ರೈಲು ಬಂದಾಗ ಸುದ್ದಿ ತಿಳಿಯುತ್ತದೆ. ಶರಾವತಿಗೆ ಶನಿವಾರ ಬೆಳಿಗ್ಗೆ ಹೆಣ್ಣು ಮಗು. ಅಕ್ಕ ಶುಕ್ರವಾರ ಸಂಜೆ ಮುಟ್ಟಿದ್ದಳಂತೆ. ಇದನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಇಲ್ಲಿ ಒಬ್ಬರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಓರ್ಸಾ ಅಕ್ಕನ ಕಾಗದ ತಂದಳು. ಯೆಲ್ದಾ ಆಲೂಗೆಡ್ಡೆ ಸುಲಿಯುವುದನ್ನು ಬಿಟ್ಟು ಎದುರಿಗೆ ಬಂದು ಕೂತಳು. "ಗಟ್ಟಿಯಾಗಿ ಓದು" ಅಂದಳು. ಈ ಊರಿನಲ್ಲಿ ಕಾಗದವನ್ನು ಮನಸ್ಸಿನಲ್ಲಿ ಓದುವ ಪದ್ಧತಿಯಿಲ್ಲ. ಇದ್ದ ಹಾಗೆ ಕನ್ನಡದಲ್ಲೇ ಓದಿದೆ. ಮಗುವಿಗೆ ಭದ್ರಾ ಅಂತಲೇ ಹೆಸರಿಟ್ಟಿದ್ದಾರೆ, ನನ್ನ ಹಾಗೇ ಉದ್ದ ಕಾಲು. ಅಂಟಿನುಂಡೆ ಸಾಲಲಿಲ್ಲ. ಬಾಣಂತನ ಮುಗಿಯಿತು, ಮುಂದಿನ ಗುರುವಾರ ಇಲ್ಲಿ ನಿಲ್ಲುವ ರೈಲಿನಲ್ಲಿ ಇದೇ ದಾರಿಯಲ್ಲಿ ವಾಪಸು. ನೀನಿಲ್ಲದೆ ನಮ್ಮೂರಿನಲ್ಲಿ ನನಗೇನಿದೆ ಕಣೇ, ಆ ಮುದುಕಿಗೆ ಇನ್ನೊಂದು ಕುರ್ಚಿ ಹಾಕೋಕೆ ಹೇಳು. ಅದರ ಕೆಳಗೆ ಒಂದೇ ಪದ, ದಪ್ಪ ಅಕ್ಷರದಲ್ಲಿ, ಎರಡು ಸಲ ತೀಡಿ ಬರೆದಿದ್ದಳು: ಬರ್ತೀನಿ.

ನಾನು ಅಲ್ಲಿಗೆ ನಿಲ್ಲಿಸಿದೆ. ದೇವರಾಣೆಗೂ ಹೇಳುತ್ತೇನೆ, ಓದಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಓದಿದರೆ ಸಾಕು, ಅಕ್ಕ ಇಲ್ಲೇ ಇರುತ್ತಾಳೆ. ಸಾಯುವವರೆಗೂ ಜೊತೆಗಿರುತ್ತಾಳೆ. ಬೆಳಿಗ್ಗೆ ಎದ್ದರೆ ಬೈಯಲು ಕನ್ನಡದ ಒಂದು ಬಾಯಿ ಇರುತ್ತದೆ. ಆದರೆ ಅವಳು ಶರಾವತಿಯನ್ನು ಮತ್ತೆ ನೋಡುವುದಿಲ್ಲ, ನನ್ನ ಹೆಸರಿನ ಆ ಮಗುವನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ.

"ಕೊನೆಯಲ್ಲಿ ಏನೋ ಇದೆಯಲ್ಲ" ಎಂದಳು ಯೆಲ್ದಾ, ಬೆರಳಿಟ್ಟು. "ಏನಂದರು?"

ಹನ್ನೆರಡು ವರ್ಷ ನಾನು ಯಾರ ಮಾತನ್ನೂ ಒಂದು ಗುಲಗಂಜಿಯಷ್ಟೂ ತಪ್ಪಿ ಹೇಳಿದವಳಲ್ಲ. ಯೆಲ್ದಾಳ ಮುಖ ನೋಡಿಕೊಂಡು, ಕಟ್ಟುಪಾಡನ್ನೂ ಮುರಿದು, ಅವರ ಭಾಷೆಯಲ್ಲಿ ಹೇಳಿದೆ. "ನಾನಲ್ಲ, ಅವಳು. ಅವಳು ಹೋಗುತ್ತಾಳಂತೆ." ನನಗಾಗಿ ಬಾರದೆ ಹೋದ ಮಾತು ಆಗ ಎಷ್ಟು ಸಲೀಸಾಗಿ ಬಂತು. ಯೆಲ್ದಾ ನಿಟ್ಟುಸಿರು ಬಿಟ್ಟು, ಮಡಿಲಲ್ಲಿದ್ದ ಅಳತೆಯ ಟೇಪನ್ನು ಸುತ್ತಿ ಪೆಟ್ಟಿಗೆಗೆ ಹಾಕಿದಳು.

ನಾಳೆ ಗುರುವಾರ. ಅಕ್ಕ ಇಳಿದೇ ಇಳಿಯುತ್ತಾಳೆ, ಹೆಸರು ಹಿಡಿದು ಕೂಗೇ ಕೂಗುತ್ತಾಳೆ. ನನ್ನ ಮುಖ ಕಂಡರೆ ಅವಳ ಬಾಯಿ ಸುಮ್ಮನಿರುವುದಿಲ್ಲ, ಅವಳ ಕೂಗು ಕೇಳಿದರೆ ನನ್ನದೂ ಸುಮ್ಮನಿರುವುದಿಲ್ಲ. "ಭದ್ರಾ ಸತ್ತಳು" ಎಂಬ ಎರಡು ಕನ್ನಡ ಪದಗಳನ್ನು ಮಾಸ್ತರಿಗೆ ಬಾಯಿಪಾಠ ಮಾಡಿಸಿ, ಅಕ್ಕನಿಗೆ ಹಾಗೆ ಹೇಳಲು ಒಪ್ಪಿಸಿದ್ದೇನೆ. ಮೂರು ಗಂಟೆ ಹದಿನೈದಕ್ಕೆ ಒಳಗಿನಿಂದ ಅಗುಳಿ ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತೇನೆ. ನಲವತ್ತೇ ನಿಮಿಷ.